ಪಿಟೀಲುಗಳಿಂದ ನೊಂದವರು

ಅಮೆರಿಕದ ಜಾಝ್ ಸಂಗೀತಲೋಕದಲ್ಲಿ, ವಿಶೇಷವಾಗಿ ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್ ನಗರಗಳ ಸಣ್ಣ ಕ್ಲಬ್ಬುಗಳಲ್ಲಿಯೂ ಸಂಗೀತಶಾಲೆಗಳ ಅಧ್ಯಾಪಕರ ಕೊಠಡಿಗಳಲ್ಲಿಯೂ, ಬಹುಕಾಲದಿಂದ ಕಾಣಸಿಗುತ್ತ ಬಂದಿರುವ ಒಂದು ವ್ಯಕ್ತಿಮಾದರಿಯೆಂದರೆ, ಹಿಂದೆಂದೋ ದೊಡ್ಡ ರೆಕಾರ್ಡ್ ಕಂಪನಿಯೊಂದಕ್ಕೆ ಆಲ್ಬಂ ನುಡಿಸಿಕೊಟ್ಟು ಆ ಪೆಟ್ಟಿನಿಂದ ಇನ್ನೂ ಚೇತರಿಸಿಕೊಳ್ಳದಿರುವ ಗಿಟಾರ್ ವಾದಕ. 1960ರ ದಶಕದ ನಡುವಿನಿಂದ 1970ರ ದಶಕದ ಕೊನೆಯವರೆಗೆ ಸ್ಟುಡಿಯೋದ ಮೆಟ್ಟಿಲು ಹತ್ತಿದವರಲ್ಲಿ ಈ ಮಾದರಿ ಹೇರಳವಾಗಿದೆ. ಈತನನ್ನು ಗುರುತಿಸುವುದು ಕಷ್ಟವೇನಲ್ಲ. ತನ್ನ ಉಳಿದ ರೆಕಾರ್ಡುಗಳನ್ನೆಲ್ಲ ಹೆಸರು, ಇಸವಿ, ಡ್ರಮ್ ಬಾರಿಸಿದವನ ಊರು ಸಮೇತ ನೆನೆದು ಹೇಳುವ ಈತ, ಎಲ್ಲಕ್ಕಿಂತ ಹೆಚ್ಚು ಮಾರಾಟವಾದುದನ್ನು ಮಾತ್ರ ‘ಆ ರೆಕಾರ್ಡು’ ಎಂದಷ್ಟೇ ಕರೆಯುತ್ತಾನೆ. ಹಾಗೆ ಕರೆದಾಗ ಎದುರಿಗಿರುವವರು ‘ಯಾವುದು?’ ಎಂದು ಕೇಳದೆ ಹೋದರೆ, ಸ್ವಲ್ಪ ಹೊತ್ತು ಕಾದು ನೋಡಿ, ತಾನಾಗಿಯೇ ಹೇಳಲು ತೊಡಗುತ್ತಾನೆ.

ಈತನ ದುಃಖದ ಸ್ವರೂಪ ತಿಳಿಯಬೇಕಾದರೆ ಜಾಝ್ ಕಲಾವಿದ ಯಾವುದನ್ನು ತನ್ನದೆಂದು ಭಾವಿಸುತ್ತಾನೆ ಎಂಬುದನ್ನು ಮೊದಲು ಅರಿಯಬೇಕು. ಜಾಝ್‌ನಲ್ಲಿ ಹಾಡು ಎನ್ನುವುದು ಹೆಚ್ಚಿನ ಪಾಲು ಒಂದು ನೆಪ. ಅದರ ಧಾಟಿಯನ್ನು ಆರಂಭದಲ್ಲೊಮ್ಮೆ, ಮುಕ್ತಾಯದಲ್ಲೊಮ್ಮೆ ನುಡಿಸಿ, ನಡುವೆ ಅದೇ ಹಾಡಿನ ಸ್ವರಮೇಳಗಳ ಸರಣಿ, ಅಂದರೆ ಕಾರ್ಡುಗಳ ಸಾಲು, ಮತ್ತೆ ಮತ್ತೆ ಆವರ್ತಿಸುತ್ತಿರುವಾಗ ಅದರ ಮೇಲೆ ಕಲಾವಿದ ಆ ಕ್ಷಣಕ್ಕೆ ಹೊಳೆದುದನ್ನು ಕಟ್ಟುತ್ತ ಹೋಗುತ್ತಾನೆ. ಕರ್ನಾಟಕ ಸಂಗೀತದ ಕೇಳುಗರು ಮನೋಧರ್ಮವೆಂದು ಕರೆಯುವುದಕ್ಕೆ ಇದು ಹತ್ತಿರದ್ದು. ಇಂತಹ ಒಂದು ಆವರ್ತಕ್ಕೆ ಕೋರಸ್ ಎಂಬ ಹೆಸರುಂಟು. ಮೊದಲ ಕೋರಸ್‌ನಲ್ಲಿ ಕಲಾವಿದ ಗಂಟಲು ಸರಿಪಡಿಸಿಕೊಳ್ಳುತ್ತಾನೆ, ಎರಡನೆಯದರಲ್ಲಿ ಮಾತಿಗಿಳಿಯುತ್ತಾನೆ, ಹೇಳಬೇಕಾದುದನ್ನು ಹೇಳುವುದು ಮೂರನೆಯದರಲ್ಲೋ ನಾಲ್ಕನೆಯದರಲ್ಲೋ. ರೇಡಿಯೋದಲ್ಲಿ ಹಾಕಲು ಯೋಗ್ಯವಾದ ಹಾಡಾದರೋ ಆ ಕಾಲದಲ್ಲಿ ಸುಮಾರು ಮೂರು ನಿಮಿಷಕ್ಕೆ ಮುಗಿಯಬೇಕಾಗಿತ್ತು. ಅಷ್ಟರಲ್ಲಿ ಗಂಟಲು ಸರಿಪಡಿಸಿಕೊಳ್ಳಬಹುದು, ಅಷ್ಟೆ.

ಇದರ ಜೊತೆಗೆ ಗಿಟಾರಿಗೆ ಇತಿಹಾಸದಿಂದ ಬಂದ ಒಂದು ಕೊರಗೂ ಇದೆ. 1930ರ ದಶಕದ ದೊಡ್ಡ ಬ್ಯಾಂಡುಗಳಲ್ಲಿ ಗಿಟಾರ್ ಲಯಕ್ಕೆ ಒತ್ತು ಕೊಡುವ ವಾದ್ಯವಾಗಿ ಹಿಂದಿನ ಸಾಲಿನಲ್ಲಿತ್ತು. ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೋಫೋನುಗಳ ಅಬ್ಬರದಲ್ಲಿ ಅದನ್ನು ಕೇಳುತ್ತಿದ್ದವನು ಅದನ್ನು ನುಡಿಸುತ್ತಿದ್ದವನೊಬ್ಬನೇ. 1939ರಲ್ಲಿ ಚಾರ್ಲಿ ಕ್ರಿಶ್ಚಿಯನ್ ಬೆನ್ನಿ ಗುಡ್‌ಮನ್ ಅವರ ತಂಡವನ್ನು ಸೇರಿ, ವಿದ್ಯುತ್ತಿನಿಂದ ಧ್ವನಿ ಹಿಗ್ಗಿಸಿದ ಗಿಟಾರಿನಲ್ಲಿ ಸ್ಯಾಕ್ಸೋಫೋನಿಗೆ ಸರಿಸಾಟಿಯಾಗಿ ಒಂಟಿ ಸ್ವರಗಳ ಸಾಲು ಹೆಣೆಯತೊಡಗಿದ ಮೇಲೆಯೇ ಈ ವಾದ್ಯಕ್ಕೆ ಬಾಯಿ ಬಂದದ್ದು. ಅವರು 1942ರಲ್ಲಿ 25ನೆಯ ವಯಸ್ಸಿಗೇ ತೀರಿಕೊಂಡರು. ಹೀಗೆ ಹಿತ್ತಾಳೆಯ ವಾದ್ಯಗಳ ಹಿಡಿತದಿಂದ ಪಾರಾಗಿ ಬಂದ ವಾದ್ಯವನ್ನು ಇಪ್ಪತ್ತೈದು ವರ್ಷ ಕಳೆಯುವುದರೊಳಗೆ ಪಿಟೀಲುಗಳು ಅಟಕಾಯಿಸಿಕೊಂಡವು ಎನ್ನುವುದು ನಮ್ಮ ವಾದಕನ ಇತಿಹಾಸದೃಷ್ಟಿ. ಅವನ ಮಟ್ಟಿಗೆ ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕಿಂತ ಮುಖ್ಯವಾದ ಘಟನೆಗಳು ಹೆಚ್ಚಿಲ್ಲ.

ಈ ಕಥೆಯ ಪ್ರತಿನಾಯಕ ನಿರ್ಮಾಪಕ. ಯಾವ ಕಲಾವಿದನಿಗೆ ಯಾವ ಹಾಡು, ಯಾವ ಪಕ್ಕವಾದ್ಯ, ಯಾವ ಸ್ಟುಡಿಯೋ, ಎಷ್ಟು ಖರ್ಚು ಎಂಬುದನ್ನೆಲ್ಲ ಕಂಪನಿಯ ಪರವಾಗಿ ಗೊತ್ತುಮಾಡುವವನು ಈತ. ಈತ ಜಾಝ್ ಅರಿಯದ ಲೇವಾದೇವಿಗಾರನಾಗಿದ್ದರೆ ಗಿಟಾರ್ ವಾದಕನ ದೂರು ಎಷ್ಟೋ ಸರಳವಾಗುತ್ತಿತ್ತು. ಆದರೆ ತೊಡಕಿರುವುದು ಇಲ್ಲೇ: ನಿರ್ಮಾಪಕ ನಿಜವಾಗಿಯೂ ಸಂಗೀತ ಬಲ್ಲವನು, ವಾದಕನ ಹಳೆಯ ರೆಕಾರ್ಡುಗಳನ್ನೆಲ್ಲ ಕೇಳಿದವನು, ಮೊದಲ ಭೇಟಿಯಲ್ಲಿಯೇ ಅವುಗಳಲ್ಲೊಂದರ ಮೂರನೆಯ ಕೋರಸನ್ನು ಗುನುಗಿ ತೋರಿಸಿದವನು. ಈ ವರ್ಗದಲ್ಲಿ ಅತ್ಯಂತ ಪ್ರಸಿದ್ಧರಾದ ಕ್ರೀಡ್ ಟೇಲರ್ 1960ರಲ್ಲಿ ಇಂಪಲ್ಸ್ ಎಂಬ ಜಾಝ್ ಲೇಬಲ್ಲನ್ನು ಸ್ಥಾಪಿಸಿ ಜಾನ್ ಕೋಲ್ಟ್ರೇನ್‌ರಂತಹ ಕಲಾವಿದರನ್ನು ಅಲ್ಲಿಗೆ ಕರೆತಂದವರು. ಬಳಿಕ ವರ್ವ್ ಕಂಪನಿಗೆ ಹೋಗಿ ಸ್ಟಾನ್ ಗೆಟ್ಜ್ ಮತ್ತು ಜೊವಾವ್ ಜಿಲ್ಬರ್ಟೊ ಅವರ 1964ರ ಆಲ್ಬಂ ಮೂಲಕ, ಜಾಝ್ ಕೂಡ ಸಿನಿಮಾ ಹಾಡಿನಷ್ಟೇ ಮಾರಾಟವಾಗಬಲ್ಲದು ಎಂಬುದನ್ನು ತೋರಿಸಿಕೊಟ್ಟವರು. ಒಮ್ಮೆ ಇದು ಗೊತ್ತಾದ ಮೇಲೆ, ಕಡಿಮೆ ಮಾರಾಟವಾಗುವ ಜಾಝ್ ಮಾಡುತ್ತೇನೆಂದು ಹಟ ಹಿಡಿಯುವ ಕಲಾವಿದ ಕಂಪನಿಯ ಕಣ್ಣಿಗೆ ಕಲಾವಿದನಿಗಿಂತ ಹೆಚ್ಚಾಗಿ ಸೋಮಾರಿಯಂತೆ ಕಾಣತೊಡಗಿದ.

ಆದ್ದರಿಂದ ನಮ್ಮ ವಾದಕನಿಗೆ ಯಾರೂ ಯಾವುದನ್ನೂ ಬಲವಂತ ಮಾಡುವುದಿಲ್ಲ. “ನಿಮ್ಮ ಶೈಲಿಗೆ ಯಾರೂ ಕೈಹಾಕುವುದಿಲ್ಲ, ಜನಕ್ಕೆ ಗೊತ್ತಿರುವ ಹಾಡು ಒಂದೆರಡು ಇರಲಿ, ಅಷ್ಟೆ” ಎಂದು ನಿರ್ಮಾಪಕ ಹೇಳುತ್ತಾನೆ, ವಾದಕ ಒಪ್ಪುತ್ತಾನೆ. ಒಂದೆರಡು ಎಂದಿದ್ದದ್ದು ಪಟ್ಟಿ ಬರುವ ಹೊತ್ತಿಗೆ ಏಳಾಗಿರುತ್ತದೆ. ವಾದಕನ ಸ್ವಂತ ರಚನೆ ಎರಡನೆಯ ಬದಿಯ ಕೊನೆಗೆ, ಸೂಜಿ ತಟ್ಟೆಯ ನಡುವಿನ ಕಾಗದದತ್ತ ಸರಿಯುವ ಜಾಗಕ್ಕೆ, ತಲುಪಿರುತ್ತದೆ. ವಾದಕ ಅದಕ್ಕೂ ಒಪ್ಪುತ್ತಾನೆ. ದಶಕಗಳ ಮೇಲೆ ಇದೇ ಸಂಗತಿಯನ್ನು ನಿರೂಪಿಸುವಾಗ ಅವನು ಪ್ರತಿಯೊಂದು ಹಂತದಲ್ಲಿಯೂ ಉಗ್ರವಾಗಿ ಪ್ರತಿಭಟಿಸಿದಂತೆ ಕೇಳುಗರಿಗೆ ಭಾಸವಾಗುತ್ತದೆಯಾದರೂ, ಆ ಕಾಲದ ಒಪ್ಪಂದಪತ್ರಗಳಲ್ಲಿ ಪ್ರತಿಭಟನೆಯ ಗುರುತು ಯಾವುದೂ ಕಾಣದೆ, ಪ್ರತಿ ಪುಟದ ಕೆಳಗೂ ಅಂದವಾದ ಸಹಿ ಮಾತ್ರ ಕಾಣುತ್ತದೆ.

ಧ್ವನಿಮುದ್ರಣದ ದಿನದ ವರ್ಣನೆಯಲ್ಲಿ ಈತ ಮಹಾಪ್ರವೀಣ. ಅಮೆರಿಕದ ವಾದ್ಯಗಾರರ ಸಂಘದ ನಿಯಮದಂತೆ ಒಂದು ಸರದಿ ಮೂರು ಗಂಟೆಯದು, ಅದರಲ್ಲಿ ಮುದ್ರಿಸಿ ಬಳಸಬಹುದಾದ ಸಂಗೀತ ಹದಿನೈದು ನಿಮಿಷದ್ದು. ಅದನ್ನು ಮೀರಿದರೆ ಹೆಚ್ಚಿನ ಕೂಲಿ ಕೊಡಬೇಕಾಗುತ್ತದೆ. ಹೀಗಾಗಿ ಗಾಜಿನ ಆಚೆ ಕುಳಿತ ನಿರ್ಮಾಪಕನ ಒಂದು ಕಣ್ಣು ಗಿಟಾರಿನ ಮೇಲಿದ್ದರೆ ಇನ್ನೊಂದು ಗೋಡೆಯ ಗಡಿಯಾರದ ಮೇಲಿರುತ್ತದೆ. ಕೆಂಪು ದೀಪ ಹೊತ್ತುತ್ತದೆ. ಎರಡು ತಿಂಗಳ ಹಿಂದೆ ಯಾವುದೋ ಗಾಯಕರ ಗುಂಪು ಮನೆಮಾತಾಗಿಸಿದ್ದ ಹಾಡಿನ ಧಾಟಿಯನ್ನು ವಾದಕ ಒಂದು ಸಲ ನುಡಿಸುತ್ತಾನೆ, ನಡುವೆ ಅರ್ಧ ಕೋರಸ್ ತನ್ನದೆಂದು ಸೇರಿಸುತ್ತಾನೆ, ಮತ್ತೆ ಧಾಟಿಗೆ ಮರಳುತ್ತಾನೆ, ಅಲ್ಲಿಂದ ಮುಂದೆ ಧಾಟಿಯ ಕೊನೆಯ ಸಾಲು ಸುತ್ತುತ್ತಲೇ ಇರುವಾಗ ಏನು ಬೇಕಾದರೂ ನುಡಿಸಬಹುದು ಎಂದು ಗಾಜಿನಾಚೆಯಿಂದ ಕೈಸನ್ನೆಯಾಗುತ್ತದೆ. ವಾದಕನ ಬೆರಳುಗಳಿಗೆ ಜೀವ ಬರುವುದು ಸರಿಯಾಗಿ ಈ ಹೊತ್ತಿಗೆ. ಆದರೆ ಇದು ಫೇಡ್ ಔಟ್ ನಡೆಯುವ ಭಾಗ. ಎಂದರೆ ಹಾಡಿಗೆ ಮುಕ್ತಾಯ ಕಲ್ಪಿಸುವ ಶ್ರಮ ತಪ್ಪಿಸಿಕೊಳ್ಳಲು, ವಾದನ ನಡೆಯುತ್ತಿರುವಂತೆಯೇ ಯಂತ್ರದ ಗುಬುಟನ್ನು ಮೆಲ್ಲನೆ ಇಳಿಸಿ ಧ್ವನಿಯನ್ನು ಕರಗಿಸುವ ಭಾಗ. ಈತನ ಮಾತನ್ನು ನಂಬುವುದಾದರೆ ಜಾಝ್ ಚರಿತ್ರೆಯ ಶ್ರೇಷ್ಠ ಗಿಟಾರ್ ವಾದನವೆಲ್ಲ ಆ ಗುಬುಟಿನ ಕೆಳಗಡೆ, ಯಾರ ಕಿವಿಗೂ ಬೀಳದೆ ಉಳಿದಿದೆ. ಮತ್ತು ಇದನ್ನು ಸುಳ್ಳೆಂದು ಸಾಧಿಸುವುದು ಯಾರಿಂದಲೂ ಆಗದ ಕೆಲಸವಾದ್ದರಿಂದ ಈ ವಾದ ಇಂದಿಗೂ ಗಟ್ಟಿಯಾಗಿಯೇ ನಿಂತಿದೆ.

ವಾದಕ ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋದ ಮೇಲೆ ಪಿಟೀಲುಗಳ ಪ್ರವೇಶ. ಅನೇಕ ಹಾದಿಗಳಲ್ಲಿ, ಅಂದರೆ ಟ್ರ್ಯಾಕುಗಳಲ್ಲಿ, ಬೇರೆ ಬೇರೆಯಾಗಿ ಮುದ್ರಿಸಬಲ್ಲ ಟೇಪು ಬಂದ ಮೇಲೆ, ಮೊದಲೇ ಮುದ್ರಿತವಾದ ವಾದನವನ್ನು ಕೇಳುತ್ತ ಅದರ ಮೇಲೆ ಹೊಸ ವಾದ್ಯಗಳನ್ನು ಹೊದಿಸುವುದು ಸಾಧ್ಯವಾಯಿತು. ಇದಕ್ಕೆ ಓವರ್‌ಡಬ್ ಎಂದು ಹೆಸರು. ಕರೆಯದಿದ್ದರೂ ಊಟದ ಹೊತ್ತಿಗೆ ಸರಿಯಾಗಿ ಬಂದು, ಮದುಮಗನಿಗೂ ಜಾಗ ಉಳಿಸದಂತೆ ಎಲೆಯ ಮುಂದೆ ಕೂರುವ ನೆಂಟರ ಹಾಗೆ, ಹನ್ನೆರಡು ಪಿಟೀಲು, ನಾಲ್ಕು ವಿಯೋಲ, ನಾಲ್ಕು ಚೆಲ್ಲೊ, ಒಂದು ಹಾರ್ಪ್ ಬಂದು ಆಸೀನವಾಗುತ್ತವೆ. ವಾದಕ ಬೇಕೆಂದೇ ಬಿಟ್ಟಿದ್ದ ಮೌನಗಳು, ಅಂದರೆ ಅವನು ಹತ್ತು ವರ್ಷ ಸಾಧನೆ ಮಾಡಿ ಕಲಿತ ಮೌನಗಳು, ಒಂದೊಂದೂ ಭರ್ತಿಯಾಗುತ್ತವೆ. ಇವನ್ನೆಲ್ಲ ಬರೆದ ವಾದ್ಯಸಂಯೋಜಕನೂ ಒಳ್ಳೆಯವನೇ, ಗಿಟಾರ್ ವಾದಕನ ಅಭಿಮಾನಿಯೇ. ಈ ಚರಿತ್ರೆಯಲ್ಲಿ ಅಭಿಮಾನಿಗಳ ಸಂಖ್ಯೆ ಸ್ವಲ್ಪ ಕಡಿಮೆಯಾಗಿದ್ದಿದ್ದರೆ ರೆಕಾರ್ಡು ಚೆನ್ನಾಗಿ ಬರುತ್ತಿತ್ತೆಂದು ತೋರುತ್ತದೆ.

ಈ ಮಾದರಿಯವರೆಲ್ಲರ ಕುಲದೈವ ವೆಸ್ ಮಾಂಟ್‌ಗೊಮರಿ. 1923ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದ ಇವರು ಸ್ವರಲಿಪಿ ಓದಲು ಬಾರದೆಯೂ, ತಂತಿ ಮೀಟುವ ಕಡ್ಡಿಯನ್ನು ಬಿಟ್ಟು ಬರಿಯ ಹೆಬ್ಬೆರಳಿನಿಂದ ನುಡಿಸುತ್ತ, ಹಗಲು ಕಾರ್ಖಾನೆಯಲ್ಲಿಯೂ ರಾತ್ರಿ ಕ್ಲಬ್ಬುಗಳಲ್ಲಿಯೂ ದುಡಿದು ದೊಡ್ಡ ಸಂಸಾರ ಸಾಕಿದವರು. ಸ್ಯಾಕ್ಸೋಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಇವರನ್ನು ಕೇಳಿ ಬೆರಗಾಗಿ ರಿವರ್‌ಸೈಡ್ ಎಂಬ ಸಣ್ಣ ಲೇಬಲ್ಲಿಗೆ ಶಿಫಾರಸು ಮಾಡಿದರು. 1960ರಲ್ಲಿ ಮುದ್ರಿತವಾದ ‘ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್’ ಬೇರೆ ಗಿಟಾರ್ ವಾದಕರ ನಿದ್ದೆಗೆಡಿಸಿತು. ಇವರ ಮನೋಧರ್ಮಕ್ಕೆ ಮೂರು ಅಂತಸ್ತುಗಳಿದ್ದವು: ಮೊದಲು ಒಂಟಿ ಸ್ವರಗಳ ಸಾಲು, ಬಳಿಕ ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಏಕಕಾಲಕ್ಕೆ ಹಿಡಿಯುವ ಆಕ್ಟೇವ್ ವಾದನ, ಕೊನೆಗೆ ಪೂರ್ಣ ಸ್ವರಮೇಳಗಳಲ್ಲಿಯೇ ಧಾಟಿಯನ್ನು ನಡೆಸುವ ಶಿಖರ. 1964ರಲ್ಲಿ ರಿವರ್‌ಸೈಡ್ ದಿವಾಳಿಯೆದ್ದಿತು. ಮಾಂಟ್‌ಗೊಮರಿ ವರ್ವ್ ಸೇರಿ ಕ್ರೀಡ್ ಟೇಲರ್ ಅವರ ಕೈಗೆ ಬಂದರು. ಟೇಲರ್ ಅವರಿಗೆ ಮೂರಂತಸ್ತಿನ ಮನೆಯಲ್ಲಿ ಹಿಡಿಸಿದ್ದು ನಡುವಿನ ಅಂತಸ್ತು. ಆಕ್ಟೇವುಗಳಲ್ಲಿ ನುಡಿದ ಜನಪ್ರಿಯ ಧಾಟಿ, ಸುತ್ತಲೂ ವಾದ್ಯವೃಂದ, ಮೇಲಿನ ಅಂತಸ್ತಿಗೆ ಬೀಗ. ‘ಗೋಯಿನ್ ಔಟ್ ಆಫ್ ಮೈ ಹೆಡ್’ 1967ರಲ್ಲಿ ಗ್ರಾಮಿ ಪ್ರಶಸ್ತಿ ಗಳಿಸಿತು; ಅದೇ ವರ್ಷ ಬೀಟಲ್ಸ್ ತಂಡ ಹೊರತಂದ ಹಾಡೊಂದು ಅದೇ ವರ್ಷವೇ ಪಿಟೀಲುಗಳ ಸಮೇತ ಇವರ ‘ಎ ಡೇ ಇನ್ ದಿ ಲೈಫ್’ ಆಲ್ಬಮ್ಮಿನ ಶೀರ್ಷಿಕೆಯಾಯಿತು. ವಿಮರ್ಶಕರು ಹಣೆ ಚಚ್ಚಿಕೊಂಡರು, ಅಂಗಡಿಯವರು ಖುಷಿಯಿಂದ ಕೈ ಉಜ್ಜಿಕೊಂಡರು, ಮತ್ತು ಕಾರ್ಖಾನೆಯ ಕೆಲಸ ಮಾಡಿ ಸಂಸಾರ ತೂಗಿಸಿದ್ದ ಮನುಷ್ಯನ ಮನೆಗೆ ಕೊನೆಗೂ ನೆಟ್ಟಗೆ ಹಣ ಬಂತು. ಈ ಮೂರನೆಯ ಸಂಗತಿಯನ್ನು ನಮ್ಮ ವಾದಕ ಸಾಮಾನ್ಯವಾಗಿ ಹೇಳುವುದಿಲ್ಲ.

1968ರ ಜೂನಿನಲ್ಲಿ ಮಾಂಟ್‌ಗೊಮರಿ ಹೃದಯಾಘಾತದಿಂದ ತೀರಿಕೊಂಡರು. ಬಳಿಕ ನಡೆದುದನ್ನು ಯಾವ ಹಾಸ್ಯ ಲೇಖಕನೂ ಕಲ್ಪಿಸಲಾರ. 1965ರಲ್ಲಿ ನ್ಯೂಯಾರ್ಕಿನ ಹಾಫ್ ನೋಟ್ ಕ್ಲಬ್ಬಿನಲ್ಲಿ ಪಿಯಾನೊ ವಾದಕ ವಿಂಟನ್ ಕೆಲಿಯವರ ಮೂವರ ತಂಡದೊಡನೆ ಅವರು ಯಾವ ಅಲಂಕಾರವೂ ಇಲ್ಲದೆ ನುಡಿಸಿದ್ದ, ಜಾಝ್ ಗಿಟಾರಿನ ಅಭ್ಯಾಸಿಗಳು ಇಂದಿಗೂ ಪಾಠವೆಂದು ಕೇಳುವ ವಾದನದ ಉಳಿದಿದ್ದ ಟೇಪುಗಳನ್ನು ಕಂಪನಿ ಹೊರತೆಗೆದು, ಅವುಗಳಲ್ಲಿ ಕೆಲವುಗಳ ಮೇಲೆ ವಾದ್ಯಸಂಯೋಜಕ ಕ್ಲಾಸ್ ಓಗರ್‌ಮನ್ ಅವರಿಂದ ವಾದ್ಯವೃಂದ ಬರೆಸಿ ಹೊದಿಸಿ, ‘ವಿಲೋ ವೀಪ್ ಫಾರ್ ಮಿ’ ಎಂದು ಮಾರಾಟಕ್ಕೆ ಬಿಟ್ಟಿತು. 1970ರಲ್ಲಿ ಅದಕ್ಕೂ ಗ್ರಾಮಿ ಬಂತು. ಬಂದದ್ದು ಸಣ್ಣ ತಂಡದ ಜಾಝ್ ವಾದನಕ್ಕೆ ಮೀಸಲಾದ ವಿಭಾಗದಲ್ಲಿ. ಬದುಕಿದ್ದಾಗ ಪಿಟೀಲು ಬೇಡವೆನ್ನುವ ಅವಕಾಶವಾದರೂ ಇರುತ್ತದೆ, ಸತ್ತ ಮೇಲೆ ಅದೂ ಇಲ್ಲ ಎಂಬುದನ್ನು ಇದರಿಂದ ಕಲಿತ ನಮ್ಮ ವಾದಕರಲ್ಲಿ ಕೆಲವರು ಉಯಿಲಿನಲ್ಲಿ ಈ ಕುರಿತು ಒಂದು ವಾಕ್ಯ ಸೇರಿಸಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ರೆಕಾರ್ಡಿನ ಹೊದಿಕೆಯ ವಿಷಯಕ್ಕೆ ಹೆಚ್ಚು ಸ್ಥಳ ಬೇಡ. ಮಾಂಟ್‌ಗೊಮರಿಯವರ ‘ಎ ಡೇ ಇನ್ ದಿ ಲೈಫ್’ ಹೊದಿಕೆಯ ಮೇಲೆ ಛಾಯಾಗ್ರಾಹಕ ಪೀಟ್ ಟರ್ನರ್ ತೆಗೆದ, ಬೂದಿಬಟ್ಟಲಿನಲ್ಲಿ ನಂದಿಸಿದ ಸಿಗರೇಟು ತುಂಡುಗಳ ಚಿತ್ರವಿದೆ. ಚಿತ್ರ ಸೊಗಸಾಗಿದೆ. ನಮ್ಮ ವಾದಕನಿಗೆ ಇಷ್ಟು ಗಾಂಭೀರ್ಯವೂ ದಕ್ಕುವುದಿಲ್ಲ. ಅವನ ಆಲ್ಬಮ್ಮಿನ ಮೇಲೆ ಸಮುದ್ರತೀರದಲ್ಲಿ ಯಾರೋ ಒಬ್ಬ ಯುವತಿ ಗಿಟಾರ್ ಹಿಡಿದು ನಿಂತಿರುತ್ತಾಳೆ, ಗಿಟಾರಿನಲ್ಲಿ ಒಂದು ತಂತಿ ಇರುವುದಿಲ್ಲ, ಮತ್ತು ಈ ಕೊರತೆಯನ್ನು ಗಮನಿಸಿದವನು ಭೂಮಂಡಲದಲ್ಲಿ ಅವನೊಬ್ಬನೇ.

ಈತ ನಿಜಕ್ಕೂ ವಿದ್ವಾಂಸನೆನಿಸುವುದು ಲೆಕ್ಕದ ಚೀಟಿಯ ವಿಷಯದಲ್ಲಿ. ರೆಕಾರ್ಡು ಮಾರಾಟವಾದಂತೆಲ್ಲ ಕಲಾವಿದನಿಗೆ ಸಲ್ಲುವ ಪಾಲಿಗೆ ರಾಯಲ್ಟಿ ಎಂದೂ, ಅದನ್ನು ನಂಬಿ ಕಂಪನಿ ಮೊದಲೇ ಕೊಡುವ ಹಣಕ್ಕೆ ಮುಂಗಡವೆಂದೂ ಹೆಸರು. ಮುಂಗಡವನ್ನು ಮರಳಿಸಬೇಕಾಗಿಲ್ಲ, ಆದರೆ ಅದು ಪೂರ್ತಿ ವಸೂಲಾಗುವವರೆಗೆ ರಾಯಲ್ಟಿಯ ಒಂದು ಕಾಸೂ ಕಲಾವಿದನ ಕೈಗೆ ಬಾರದು. ಇಷ್ಟು ಎಲ್ಲರಿಗೂ ಗೊತ್ತು. ವಸೂಲಿಯ ಬಾಬ್ತಿನಲ್ಲಿ ಮುಂಗಡ ಮಾತ್ರವಲ್ಲದೆ ಸ್ಟುಡಿಯೋದ ಬಾಡಿಗೆ, ಟೇಪಿನ ಬೆಲೆ, ವಾದ್ಯಸಂಯೋಜಕನ ಸಂಭಾವನೆ, ಪಕ್ಕವಾದ್ಯದವರ ಕೂಲಿ ಇವೆಲ್ಲವನ್ನೂ ಬಹುಪಾಲು ಒಪ್ಪಂದಗಳು ಕಲಾವಿದನ ಖಾತೆಗೇ ಬರೆಯುತ್ತವೆ ಎಂಬುದು ಮೊದಲ ಚೀಟಿ ಕೈಸೇರುವ ದಿನದವರೆಗೆ ಹಲವರಿಗೆ ಹೊಳೆದಿರುವುದಿಲ್ಲ. ಪಿಟೀಲುಗಳ ಮೂರು ಗಂಟೆಯ ಸರದಿಗೆ ಕೂಲಿ ಕೊಟ್ಟವನು ತಾನು, ಹಾರ್ಪಿನ ಸಾಗಣೆಯ ವೆಚ್ಚ ಭರಿಸಿದವನೂ ತಾನೇ ಎಂದು ತಿಳಿಯುವ ಆ ಬೆಳಗು ಗಿಟಾರ್ ವಾದಕನ ಬಾಳಿನಲ್ಲಿ ಒಂದು ಗಡಿಕಲ್ಲು. ಚೀಟಿಯ ಇನ್ನೊಂದು ಸಾಲಿನಲ್ಲಿ ಒಡೆದುಹೋದ ರೆಕಾರ್ಡುಗಳ ಬಾಬ್ತೆಂದು ನೂರಕ್ಕೆ ಹತ್ತರಷ್ಟು ಕಡಿತ ಕಾಣುತ್ತದೆ. ಅರಗಿನಿಂದ ಮಾಡಿದ ಹಳೆಯ 78 ಸುತ್ತಿನ ತಟ್ಟೆಗಳು ಸಾಗಣೆಯಲ್ಲಿ ಒಡೆಯುತ್ತಿದ್ದುದರಿಂದ ಹುಟ್ಟಿದ ಈ ಕಡಿತ, ನೆಲಕ್ಕೆ ಬಿದ್ದರೂ ಒಡೆಯದ ವಿನೈಲ್ ತಟ್ಟೆಗಳ ಕಾಲದಲ್ಲಿಯೂ ಎಷ್ಟೋ ಒಪ್ಪಂದಗಳಲ್ಲಿ ಕದಲದೆ ಉಳಿಯಿತು. ಮಾರಾಟವಾಗದೆ ಉಳಿದ ಪ್ರತಿಗಳ ಹೊದಿಕೆಯ ಮೂಲೆಯನ್ನು ಕತ್ತರಿಸಿ ಅಗ್ಗದ ಬುಟ್ಟಿಗೆ ಹಾಕುವ ಪದ್ಧತಿಯೂ ಇತ್ತು. ಹೀಗೆ ಮೂಲೆ ಕಳೆದುಕೊಂಡ ಪ್ರತಿಗಳ ಮೇಲೆ ಕಲಾವಿದನಿಗೆ ಸಾಮಾನ್ಯವಾಗಿ ಏನೂ ಸಲ್ಲುತ್ತಿರಲಿಲ್ಲ. ನಮ್ಮ ವಾದಕನ ಕಪಾಟಿನಲ್ಲಿರುವ ಪ್ರತಿ ಇಂತಹದೇ. ಕಂಪನಿಯಿಂದ ಉಚಿತವಾಗಿ ಬಂದವೂ ಇದ್ದವು, ಅವನ್ನು ಹಂಚಿಬಿಟ್ಟಿದ್ದಾನೆ. ಇದನ್ನು ಮಾತ್ರ ತಾನೇ ದುಡ್ಡು ಕೊಟ್ಟು ಕೊಂಡು ಸಾಕ್ಷ್ಯವಾಗಿ ಕಾಪಾಡಿಕೊಂಡಿದ್ದಾನೆ.

ದೂರನ್ನು ಬಲಪಡಿಸಲು ಈತ ಪೂರ್ವಸೂರಿಗಳನ್ನು ಉದಾಹರಿಸುತ್ತಾನೆ. ಟಾಲ್ ಫಾರ್ಲೊ 1958ರ ಸುಮಾರಿಗೆ ರೆಕಾರ್ಡು ಜಗತ್ತಿಗೆ ಬೆನ್ನು ಹಾಕಿ ನ್ಯೂಜೆರ್ಸಿಯ ಸೀ ಬ್ರೈಟ್ ಎಂಬ ಕಡಲೂರಿನಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತ ಕುಳಿತರು. ಜಾನಿ ಸ್ಮಿತ್ ಅದೇ ಕಾಲಕ್ಕೆ ನ್ಯೂಯಾರ್ಕ್ ತೊರೆದು ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ವಾದ್ಯಗಳ ಅಂಗಡಿ ತೆರೆದರು. ಇವರಿಬ್ಬರ ವೈರಾಗ್ಯವನ್ನು ವರ್ಣಿಸುವಾಗ ಈತನ ಕಣ್ಣು ತೇವಗೊಳ್ಳುತ್ತದೆ. ಆದರೆ ಫಾರ್ಲೊ ಅವರಿಗೆ ಬೋರ್ಡು ಬರೆಯುವುದು ಸಂಗೀತಕ್ಕಿಂತ ಮೊದಲೇ ಕಲಿತ ಕಸುಬಾಗಿತ್ತು. ಸ್ಮಿತ್ ಊರು ಬಿಟ್ಟದ್ದು ಪತ್ನಿ ತೀರಿಕೊಂಡ ಮೇಲೆ ಪುಟ್ಟ ಮಗಳನ್ನು ನೆಮ್ಮದಿಯಾಗಿ ಬೆಳೆಸುವುದಕ್ಕೆ. ಮೇಲಾಗಿ ಸ್ಮಿತ್ ರಚಿಸಿದ್ದ ಕೃತಿಯೊಂದನ್ನು 1960ರಲ್ಲಿ ವೆಂಚರ್ಸ್ ಎಂಬ ರಾಕ್ ತಂಡ ನುಡಿಸಿ ಊರೆಲ್ಲ ಕೇಳುವಂತೆ ಮಾಡಿದಾಗ ಅದರ ರಾಯಲ್ಟಿಗೆ ಅವರು ಮುಖ ತಿರುಗಿಸಿದ ದಾಖಲೆಯೇನೂ ಇಲ್ಲ. ಜೋ ಪಾಸ್ ಅವರ ಉದಾಹರಣೆ ಇದಕ್ಕಿಂತ ಗಟ್ಟಿಯಾದದ್ದು: 1960ರ ದಶಕದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಹಾಡುಗಳನ್ನು ಜಾಝ್ ಮಾಡಿ ಒಂದು ಆಲ್ಬಂ ತುಂಬ ನುಡಿಸಿದ ಅದೇ ಮನುಷ್ಯ, 1973ರಲ್ಲಿ ನಾರ್ಮನ್ ಗ್ರಾನ್ಜ್ ಅವರ ಪಾಬ್ಲೊ ಲೇಬಲ್ಲಿಗಾಗಿ ಪಕ್ಕವಾದ್ಯವೇ ಇಲ್ಲದೆ ಒಬ್ಬರೇ ಕುಳಿತು ‘ವರ್ಚುವೋಸೊ’ ನುಡಿಸಿ ಲೋಕಪ್ರಸಿದ್ಧರಾದರು. ಗಿಟಾರ್ ವಾದಕನನ್ನು ಅವನ ಪಾಡಿಗೆ ಬಿಟ್ಟರೂ ರೆಕಾರ್ಡು ಮಾರಾಟವಾಗುತ್ತದೆ ಎಂಬುದಕ್ಕೆ ಇಷ್ಟು ಸಾಲದೇ ಎಂದು ಈತ ಮೇಜು ಕುಟ್ಟುತ್ತಾನೆ.

ಇಂತಹ ಹೊತ್ತಿನಲ್ಲಿ ಯಾರೂ ಜಾರ್ಜ್ ಬೆನ್ಸನ್ ಹೆಸರೆತ್ತಬಾರದು. ಜಾಝ್ ಗಿಟಾರಿನಲ್ಲಿ ಯಾರಿಗೂ ಕಡಿಮೆಯಿಲ್ಲದ ಬೆನ್ಸನ್ 1976ರಲ್ಲಿ ‘ಬ್ರೀಝಿನ್’ ಆಲ್ಬಮ್ಮಿಗೆ ನುಡಿಸಿದರು; ಮೃದುವಾದ ಪಿಟೀಲುಗಳನ್ನು ಬರೆದವರು ಅದೇ ಓಗರ್‌ಮನ್; ಇದ್ದ ಆರು ತುಣುಕುಗಳಲ್ಲಿ ಒಂದರಲ್ಲಿ ಬೆನ್ಸನ್ ಬಾಯಿಬಿಟ್ಟು ಹಾಡಿಯೂಬಿಟ್ಟರು. ಆಲ್ಬಂ ಜಾಝ್ ಪಟ್ಟಿಯಲ್ಲಿ ಮಾತ್ರವಲ್ಲದೆ ಪಾಪ್ ಸಂಗೀತದ ಪಟ್ಟಿಯಲ್ಲಿಯೂ ಮೊದಲ ಸ್ಥಾನಕ್ಕೇರಿತು, ಆ ಒಂದು ಹಾಡಿಗೆ ವರ್ಷದ ರೆಕಾರ್ಡೆಂಬ ಗ್ರಾಮಿ ಬಂತು, ಮತ್ತು ಎಲ್ಲಕ್ಕಿಂತ ಅಕ್ಷಮ್ಯವಾದ ಸಂಗತಿಯೆಂದರೆ ಬೆನ್ಸನ್ ಇದರಿಂದ ಸಂತೋಷಪಟ್ಟರು. ನೊಂದವರ ಪಂಥಕ್ಕೆ ಇದು ದೊಡ್ಡ ಸೈದ್ಧಾಂತಿಕ ಬಿಕ್ಕಟ್ಟು. ಬೆನ್ಸನ್ ಮೊದಲಿನಿಂದಲೂ ಗಾಯಕರೇ ಹೊರತು ಗಿಟಾರ್ ವಾದಕರಲ್ಲವೆಂದು ಕೆಲವರು ಸಮಾಧಾನ ಹೇಳಿಕೊಳ್ಳುತ್ತಾರೆ. ಅವರ ಕೈಬೆರಳುಗಳನ್ನು ಹತ್ತಿರದಿಂದ ನೋಡಿದವರು ಸುಮ್ಮನಿರುತ್ತಾರೆ.

ಈತನ ಬಾಳಿನಲ್ಲಿ ಉಳಿದಿರುವ ಕೊನೆಯ ಘಟ್ಟ ಮರುಬಿಡುಗಡೆ. ಹಾಫ್ ನೋಟ್ ಕ್ಲಬ್ಬಿನ ವಾದನಗಳನ್ನು ಓಗರ್‌ಮನ್ನರ ವಾದ್ಯವೃಂದ ಕಳಚಿ ಮುಂದೆ ಸಿಡಿಯಲ್ಲಿ ಹೊರತಂದಾಗ ಕೇಳುಗರು ಹರ್ಷಗೊಂಡದ್ದನ್ನು ಕಂಡ ಕಂಪನಿಗಳು ಹಳೆಯ ಟೇಪುಗಳನ್ನು ಕೆದಕತೊಡಗಿದವು. ಹೀಗಾಗಿ ಎಂದಾದರೊಂದು ದಿನ ನಮ್ಮ ವಾದಕನಿಗೂ ಕಾಗದ ಬರುತ್ತದೆ. ಪಿಟೀಲುಗಳ ಹಾದಿ ಬೇರೆಯಾಗಿಯೇ ಉಳಿದಿರುವುದರಿಂದ ಅವನ್ನು ತೆಗೆದುಹಾಕಿ ‘ಕಲಾವಿದನ ಮೂಲ ಆಶಯದಂತೆ’ ಆಲ್ಬಮ್ಮನ್ನು ಹೊರತರುವ ಉದ್ದೇಶವಿದೆ, ಅನುಮತಿ ಬೇಕು, ಜೊತೆಗೆ ನಾಲ್ಕು ಪುಟದ ಮುನ್ನುಡಿಯೂ ಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಮುನ್ನುಡಿ ಅವನ ನಾಲಗೆಯ ತುದಿಯಲ್ಲಿಯೇ ಇರುವುದರಿಂದ ಒಂದೇ ಸಂಜೆಯಲ್ಲಿ ಹದಿನಾಲ್ಕು ಪುಟವಾಗುತ್ತದೆ. ಬಳಿಕ ಪಿಟೀಲು ಕಳಚಿದ ಟೇಪನ್ನು ಅವನಿಗೆ ಕೇಳಿಸುತ್ತಾರೆ. ಬಾಗಿಲು ಹಾಕಿಕೊಂಡು ಎರಡು ಸಲ ಕೇಳುತ್ತಾನೆ. ನಾಲ್ಕನೆಯ ಹಾಡಿನ ನಡುವಿನಲ್ಲಿ ಗಡಿಯಾರ ನೋಡುತ್ತ ಆತುರದಲ್ಲಿ ಹಿಡಿದ ಸ್ವರಮೇಳವೊಂದು ತಪ್ಪಾಗಿ, ಮೂರನೆಯ ತಂತಿ ಶ್ರುತಿಯಿಂದ ಕೊಂಚ ಇಳಿದು, ಅದೇ ಜಾಗದಲ್ಲಿ ಚೆಲ್ಲೊಗಳು ಬಂದು ಸೆರಗು ಮುಚ್ಚಿದ್ದವೆಂಬುದು ಅವನಿಗೆ ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಕೇಳಿಸುತ್ತದೆ. ಮರುದಿನ ಅವನು ಕಂಪನಿಗೆ ಬರೆಯುವ ಪತ್ರ ಚಿಕ್ಕದು: ಚಾರಿತ್ರಿಕ ದಾಖಲೆಯ ದೃಷ್ಟಿಯಿಂದ ಪಿಟೀಲುಗಳನ್ನು ಇದ್ದಂತೆಯೇ ಉಳಿಸತಕ್ಕದ್ದು, ಅವುಗಳನ್ನು ಖಂಡಿಸುವ ಮುನ್ನುಡಿಯಲ್ಲಿ ಒಂದಕ್ಷರವನ್ನೂ ಕತ್ತರಿಸತಕ್ಕದ್ದಲ್ಲ.